ಹರನಾಳಿಗೆಗೆ ತುರುಕಿದ ಅರಿವೆ

ನಮ್ಮ ವಾಡೆಯ ಪಡುವಣ ಮೂಲೆ ಮಳೆಯಿಂದ ಬಿದ್ದದ್ದಲ್ಲ. ಬೀಳಿಸಿದವಳು ನಾನು. ಮಾಳಿಗೆಯ ನೀರು ಹೊರಹೋಗುವ ಹರನಾಳಿಗೆಗೆ ಹಳೆಯ ಕೌದಿಯ ತುಂಡು ತುರುಕಿದ್ದು ಈ ಕೈಗಳೇ. ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ — ಆ ತಪ್ಪನ್ನು ತಮ್ಮದೆಂದೇ ನಂಬಿ ಹೊತ್ತುಕೊಂಡ ನನ್ನ ಅತ್ತೆಯ ಮುಂದೆಯೂ.

ಕನಕಗಿರಿಯ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ನನಗೆ ಮಣ್ಣಿನ ಮಾಳಿಗೆಯ ಈ ಹಳೆಯ ದೊಡ್ಡಮನೆ, ವಾಡೆಯೆಂದರೆ ಬರೀ ಕತ್ತಲು. ನವಲಿಯ ತವರಿನಲ್ಲಿ ಅಪ್ಪ ಆಗಷ್ಟೇ ಆರ್‌ಸಿಸಿ ಮನೆ ಕಟ್ಟಿಸಿದ್ದ. ಇಲ್ಲಿ ತಲೆ ಬಗ್ಗಿಸಿ ದಾಟುವ ಬಾಗಿಲುಗಳು, ಜಂತಿಯಿಂದ ಉದುರುವ ಮಣ್ಣು. ಒಂದು ಗೋಡೆ ಹಾಳಾದರೆ ಗಂಡ ಹೊಸ ಮನೆಗೆ ಒಪ್ಪಿಯಾನು ಎಂದುಕೊಂಡೆ. ಯಾರಿಗಾದರೂ ಪೆಟ್ಟಾದರೆ — ಅಷ್ಟು ದೂರ ನನ್ನ ಬುದ್ಧಿ ಹೋಗಲೇ ಇಲ್ಲ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅತ್ತೆ ತಾವೇ ಮಾಳಿಗೆ ಹತ್ತಿ, ನೀರು ಇಂಗದಂತೆ ಸವಳು ಮಣ್ಣು ಹರಡಿಸಿ, ಒಂದೊಂದು ಹರನಾಳಿಗೆಗೂ ಕೈಹಾಕಿ ನೋಡುತ್ತಿದ್ದರು. ಆ ವರ್ಷವೂ ನೋಡಿದ್ದರು. ಅವರು ಇಳಿದ ಮೇಲೆ ನಾನು ಹತ್ತಿದೆ.

ಜಡಿಮಳೆಗೆ ನೀರು ನಿಂತು ಮೂಲೆ ಕುಸಿಯಿತು. ಪುಣ್ಯಕ್ಕೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಮಣ್ಣಿನ ರಾಶಿಯ ಮುಂದೆ ನಿಂತು, "ನಾ ಸರಿ ನೋಡ್ಲಿಲ್ಲವ್ವಾ. ಕಣ್ಣು ಮಂಜಾಗ್ಯಾವ. ಇನ್ನ ಮಾಳಿಗಿ ನೀನ ನೋಡ್ಕೊ" ಎಂದರು. ಅವರು ಅತ್ತ ಹೋದ ಮೇಲೆ ನಾನು ರಾಶಿಯಿಂದ ಅರಿವೆಯನ್ನು ಹೆಕ್ಕಿ ಒಲೆಗೆ ಹಾಕಿದೆ.

ಆದರೆ ಆ ಬಿದ್ದ ಗೋಡೆಯೇ ನನಗೆ ವಾಡೆಯನ್ನು ತೋರಿಸಿತು. ಮೂಲೆ ಹೋದರೂ ಪಡಸಾಲೆ ಅಲುಗಿರಲಿಲ್ಲ. ಸಾಗವಾನಿ ಕಂಬಗಳು ಒಂದರ ಭಾರವನ್ನೊಂದು ಹೊತ್ತು ನಿಂತಿದ್ದವು. ಮೊಳೆಯಿಲ್ಲದೆ ಒಂದರೊಳಗೊಂದು ಕೂತ ತೊಲೆಗಳು, ಗೋಡೆಯ ದಪ್ಪದೊಳಗೇ ಏರುವ ಮೆಟ್ಟಿಲು, ಕಂಬಗಳ ತಲೆಯ ಬೋದಿಗೆಗಳ ಮೇಲೆ ಕೊರೆದ ಗಿಳಿಗಳು — ಒಂದರ ಕೊಕ್ಕು ಇನ್ನೊಂದರಂತಿಲ್ಲ. ಬೇಸಿಗೆಯಲ್ಲಿ ತವರುಮನೆ ಕಾದ ಹೆಂಚಾಗಿರುವಾಗ ಇಲ್ಲಿಯ ಕಲ್ಲುಹಾಸು ತಣ್ಣಗೆ... ಇಂಥದನ್ನು ನಾನು ಕೆಡವ ಹೊರಟಿದ್ದೆ. "ಪೂರಾ ಬಿಚ್ಚಿ ಹೊಸಾದು ಕಟ್ಟೂಣೇನು?" ಎಂದು ಗಂಡ ಕೇಳಿದಾಗ ಬೇಡ, ಆ ಮೂಲೆಯನ್ನಷ್ಟೇ ಇಟ್ಟಿಗೆಯಲ್ಲಿ ಕಟ್ಟಿಸಿದರೆ ಸಾಕೆಂದವಳು ನಾನೇ.

ಈಗ ವಾಡೆ ನೋಡಲು ದೂರದೂರಿನಿಂದ ಜನ ಬರುತ್ತಾರೆ. ಕಾಪಾಡಿದವಳೆಂದು ನನ್ನನ್ನು ಹೊಗಳುತ್ತಾರೆ. ಆ ಮೂಲೆಗೆ ಮಾತ್ರ ಇಟ್ಟಿಗೆ ಯಾಕೆಂದು ಕೇಳಿದರೆ ಅತ್ತೆಯೇ, "ನನ್ನ ತಪ್ಪರಿ. ಹರನಾಳಿಗಿ ಕಟ್ಟಿತ್ತು, ನೋಡ್ಲಿಲ್ಲ" ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ಚಹಾ ಕೊಡುತ್ತಿದ್ದೆ.

ಮೊನ್ನೆ ಬಂದ ಹೆಣ್ಣುಮಗಳೊಬ್ಬಳು, "ವಯಸ್ಸಾದ ಮ್ಯಾಲ ಹಂಗ ಆಗ್ತೈತಿ ಬಿಡ್ರಿ ಅಮ್ಮಾ" ಎಂದು ಸಮಾಧಾನ ಹೇಳಿದಳು. ಅತ್ತೆ ಹೌದೆಂದು ತಲೆಯಾಡಿಸಿದರು. ಅದನ್ನು ನೋಡಿಯೂ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಜನ ಹೋದ ಮೇಲೆ ಹೇಳಿದೆ: "ಅತ್ತಿ, ಹರನಾಳಿಗ್ಯಾಗ ಅರಿವಿ ತುರುಕಿದಾಕಿ ನಾನರಿ."

ಅತ್ತೆ ನನ್ನತ್ತ ತಿರುಗಿದರು. "ಅಂದ್ರ ನಾ ಸರಿಯಾಗೇ ನೋಡಿದ್ನೇನು?" ಎಂದರು.

"ಸರಿಯಾಗೇ ನೋಡಿದ್ರಿ."

"ನನ್ನನ್ನ ಮಾಳಿಗಿಗೆ ಕರಕೊಂಡು ಹೋಗು."

ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ರಟ್ಟೆ ಹಿಡಿದು ಹತ್ತಿಸಿದೆ. ಮೇಲೆ ಹೋದದ್ದೇ ಅವರು ನನ್ನ ಕೈ ಬಿಡಿಸಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. "ನೀ ಕೆಳಗ ಹೋಗು. ನಾ ಒಂದೀಟು ಇಲ್ಲೇ ಕುಂದರತೀನಿ" ಎಂದರು.

ಇಳಿದು ಬಂದು, ಅವರು ಕರೆಯುವವರೆಗೂ ಮೆಟ್ಟಿಲ ಬುಡದಲ್ಲಿ ಕೂತಿದ್ದೆ. ಇನ್ನು ಆ ಮೂಲೆಯ ಬಗ್ಗೆ ಯಾರು ಕೇಳಿದರೂ ಉತ್ತರ ಹೇಳುವವಳು ನಾನು.