ಜೀಪಿನ ಪೊರ್ಬುಗಳು ಹೊತ್ತ ತಪ್ಪು

ಅವರ ಖಾಕಿ ಪ್ಯಾಂಟಿನ ಬಲ ಮೊಣಕಾಲಿನ ಮೇಲೆ ಅಂಗೈಯಗಲದ ಗ್ರೀಸಿನ ಕಲೆ ಇತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ದೋಣಿ ಹೇರಿದ ಟ್ರೈಲರನ್ನು ಜೀಪಿಗೆ ಸಿಕ್ಕಿಸುವ ಮೊದಲು ಅದರ ಮೂತಿಯನ್ನು ಎರಡೂ ಕೈಯಲ್ಲಿ ಎತ್ತಿ, ಆ ಮೊಣಕಾಲಿನ ಮೇಲಿಟ್ಟು, ಕಣ್ಣು ಮುಚ್ಚಿ ಭಾರ ನೋಡುತ್ತಿದ್ದರು. ತೀರಾ ಹಗುರ ಅನಿಸಿದರೆ ದೋಣಿಯೊಳಗಿನ ಸಾಮಾನು ಮುಂದಕ್ಕೆ ಹೋಗಬೇಕು, ಎತ್ತಲಾಗದಷ್ಟು ಭಾರವಾದರೆ ಸ್ವಲ್ಪ ಹಿಂದಕ್ಕೆ.

ಕಾಪುವಿನವರು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು. ಇವರು ಎಲ್ಲರಿಗೂ ಜೀಪಿನ ಪೊರ್ಬುಗಳು. ಎಪ್ಪತ್ತರ ದಶಕದ ಕೊನೆಗೆ, ಕಾರ್ಕಳದ ಆಚಾರಿಯೊಬ್ಬರು ಕಟ್ಟುತ್ತಿದ್ದ ಸಣ್ಣ ದೋಣಿಗಳನ್ನು ಉಚ್ಚಿಲ, ಎರ್ಮಾಳಿನ ಕಡಲಿಗೆ ಎಳೆದು ತರುತ್ತಿದ್ದವರು ಇವರೇ. ಮಹಾ ಮುಂಗೋಪಿ. ದೋಣಿಯೊಳಗೆ ಯಾರಾದರೂ ಹತ್ತಿ ಕೂತರೆ, "ಇಳಿ ಮಾರಾಯ, ಇದೆಂತ ಮದುವೆ ದಿಬ್ಬಣವಾ?" ಎಂದು ಗದರುವರು. ನಾಲ್ಕೈದು ಮೈಲಿಗೊಮ್ಮೆ ನಿಲ್ಲಿಸಿ, ಮಗುವಿನ ಹಣೆ ಮುಟ್ಟುವ ಹಾಗೆ, ಟ್ರೈಲರಿನ ಚಕ್ರದ ನಡುವಿಗೆ ಕೈ ತಾಗಿಸಿ ಬಿಸಿ ನೋಡುವರು. "ಮೂತಿ ಹಗುರಾದ್ರೆ ಬಾಲ ಕುಣಿತದೆ" ಎಂದು ದಿನಕ್ಕೆ ಹತ್ತು ಸಲ ಹೇಳುವರು. ನಾವು ಹಿಂದಿನಿಂದ ಅಣಕಿಸಿ ನಗುತ್ತಿದ್ದೆವು.

ಅಪ್ಪ ತೀರಿಕೊಂಡ ಮೇಲೆ ನಾನು ಎರ್ಮಾಳಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಪ್ರಾಯ ಇಪ್ಪತ್ತನಾಲ್ಕು, ಸರಿಯಾದ ಕೆಲಸವಿಲ್ಲ. ಅಕ್ಕನ ಗಂಡ, ನನ್ನ ಭಾವ, ಹೊಸ ದೋಣಿ ಮಾಡಿಸಿದರು. ಹೊಸ ದೋಣಿ ಖಾಲಿಯಾಗಿ ಊರಿಗೆ ಬರಬಾರದು ಎಂಬುದು ನಮ್ಮ ಮನೆಯ ಕ್ರಮ. ಹಾಗಾಗಿ ಸೀಸದ ಗುಂಡು ಕಟ್ಟಿದ ದೊಡ್ಡ ಬಲೆಯನ್ನೇ ಕಾರ್ಕಳಕ್ಕೆ ಒಯ್ದಿದ್ದೆವು. ಪೊರ್ಬುಗಳು ಗೊಣಗಿದರೂ ಒಪ್ಪಿದರು. ಬಲೆಯನ್ನು ದೋಣಿಯ ಮುಂಭಾಗದಲ್ಲಿ ಹಾಕಿಸಿ, ಮೊಣಕಾಲಿನ ಮೇಲೆ ಭಾರ ನೋಡಿ, ಟ್ರೈಲರ್ ಸಿಕ್ಕಿಸಿ, ಹಗ್ಗ ಬಿಗಿದು ಚಹಾ ಕುಡಿಯಲು ಹೋದರು.

ಆಗ ಭಾವ ಮುಖ ಸಣ್ಣ ಮಾಡಿಕೊಂಡು, "ಬಲೆ ಮುಂದೆ ಇಡುವುದು ಉಂಟಾ ಎಲ್ಲಿಯಾದರೂ? ಹೊಸ ದೋಣಿಗೆ ಇದೆಂತ ಶಕುನ!" ಎಂದು ಅತ್ತ ನಡೆದರು. ಕಡಲಿನಲ್ಲಿ ಬಲೆಯ ಜಾಗ ದೋಣಿಯ ಹಿಂಬದಿಯೇ. ಭಾವನಿಗೆ ಖುಷಿಯಾಗಲಿ ಎಂದು ನಾನೊಬ್ಬನೇ ಹಗ್ಗ ಬಿಚ್ಚಿ, ಬಲೆಯನ್ನು ಹಿಂದಕ್ಕೆ ಎಳೆದು ಹಾಕಿ, ಮತ್ತೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳ!

ಬೆಳ್ಮಣ್ ದಾಟಿ ಒಂದು ಇಳಿಜಾರಿನಲ್ಲಿ ಟ್ರೈಲರ್ ಎಡಕ್ಕೂ ಬಲಕ್ಕೂ ಬೀಸತೊಡಗಿತು. ಜೀಪಿನ ಹಿಂಬದಿಯೂ ಅದರ ಜೊತೆ ಜಾರುತ್ತಿತ್ತು. "ಬ್ರೇಕ್! ಬ್ರೇಕ್ ಹಾಕಿ ಪೊರ್ಬುಗಳೇ!" ಎಂದು ಭಾವ ಕಿರುಚಿದರು. "ಹಾಕಿದ್ರೆ ಮಗುಚ್ತದೆ, ಬಾಯಿ ಮುಚ್ಚಿ!" ಎಂದು ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ನೇರ ಹಿಡಿದರು. ಇನ್ನೇನು ಹತೋಟಿಗೆ ಬಂತು ಅನ್ನುವಾಗ ಎದುರಿನಿಂದ ಬಸ್ಸು. ಪೊರ್ಬುಗಳು ಜೀಪನ್ನು ಬದಿಯ ಮಣ್ಣಿನ ದಿಬ್ಬಕ್ಕೇ ಹತ್ತಿಸಿದರು. ಟ್ರೈಲರ್ ಮಗುಚಿತು. ದೋಣಿಯ ಒಂದು ಪಕ್ಕ ಒಡೆದುಹೋಯಿತು. ನಮಗೆ ತರಚು ಗಾಯ. ಅವರ ಎಡ ಮಣಿಕಟ್ಟು ಮುರಿದಿತ್ತು.

ಮುರಿದ ಕೈಯನ್ನು ಎದೆಗೊತ್ತಿಕೊಂಡೇ ಅವರು ದೋಣಿಯ ಹತ್ತಿರ ಹೋದರು. ಬಲೆ ಎಲ್ಲಿತ್ತೆಂದು ನೋಡಿದರು. ನಾನು ಕಟ್ಟಿದ ಗಂಟನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಭಾವ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಪೊರ್ಬುಗಳು ತಿರುಗಿ, "ತಪ್ಪು ನನ್ನದೇ ಮಾರಾಯ್ರೇ. ಹೊರಡುವ ಮೊದಲು ಇನ್ನೊಮ್ಮೆ ನೋಡಬೇಕಿತ್ತು" ಎಂದರು.

ಆ ಮಾತು ಭಾವನ ಬಾಯಿಂದ ಉಚ್ಚಿಲದವರೆಗೂ ಹೋಯಿತು. ಮತ್ತೆ ಯಾರೂ ಅವರಿಗೆ ದೋಣಿ ಕೊಡಲಿಲ್ಲ. ಟ್ರೈಲರ್ ಅವರ ಅಂಗಳದಲ್ಲಿ ತುಕ್ಕು ಹಿಡಿಯಿತು. ಜೀಪಿನಲ್ಲಿ ಹೆಬ್ರಿ ಕಡೆಯಿಂದ ಬಾಳೆಗೊನೆ ತರುತ್ತಿದ್ದರು, ಆದರೆ ಗೊನೆ ಎತ್ತಲು ಆ ಮುರಿದ ಕೈಯಿಂದ ಆಗುತ್ತಿರಲಿಲ್ಲ.

ನಾಲ್ಕು ವರ್ಷ ಬಿಟ್ಟು, ಮಣಿಪಾಲದಲ್ಲಿ ನನಗೊಂದು ಗುಮಾಸ್ತನ ಕೆಲಸ ಸಿಕ್ಕಿದ ಮೇಲೆ, ಕಾಪುವಿನ ಅವರ ಮನೆಗೆ ಹೋದೆ. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಆ ಗಂಟು ನಿನ್ನದು, ಗೊತ್ತುಂಟು" ಎಂದರು.

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಆಗ ಭಾವನ ಮನೆಯಲ್ಲಿ ಉಣ್ಣುತ್ತಿದ್ದವ ಅಲ್ವಾ? ನನಗೆ ಬೇರೆ ಬಾಡಿಗೆ ಸಿಕ್ತದೆ ಅಂತ ಗ್ರಹಿಸಿದೆ." ಎಡ ಮಣಿಕಟ್ಟನ್ನು ನೀವಿಕೊಳ್ಳುತ್ತ, "ಸಿಗಲಿಲ್ಲ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಇಗರ್ಜಿಯ ಸ್ಮಶಾನದಲ್ಲಿ ಮಣ್ಣು ಹಾಕಿ ಬರುವಾಗ ಭಾವ ನನ್ನ ಪಕ್ಕದಲ್ಲೇ ನಡೆಯುತ್ತ, "ಮನುಷ್ಯ ಒಳ್ಳೆಯವರು, ಜಾಗ್ರತೆಯೊಂದು ಕಮ್ಮಿ" ಎಂದರು. ನಾನು ಹೂಂ ಎಂದೆ. ಹೌದು, ಹೂಂ ಎಂದೆ! ಮಣಿಕಟ್ಟು ಮುರಿದ ದಿನಕ್ಕಿಂತ ಆ ಹೂಂ ನನ್ನನ್ನು ಹೆಚ್ಚು ಸುಡುತ್ತದೆ.

ಭಾವನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಚೆನ್ನಾಗಿದೆ, ಅಚ್ಚಾದದ್ದು ಏನು ಸಿಕ್ಕಿದರೂ ಓದುತ್ತಾರೆ. ಇದನ್ನೂ ಓದಲಿ. ಬಲೆಯನ್ನು ಹಿಂದಕ್ಕೆ ಎಳೆದವನು ನಾನು, ಭಾವ. ಪೊರ್ಬುಗಳು ಅದನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದರು.