ನುಂಗಿದ ಅರ್ಧ ಮಾತು

ಇದನ್ನು ಬರೆಯುವುದನ್ನು ಬಹಳ ಸಲ ಮುಂದಕ್ಕೆ ಹಾಕಿದ್ದೇನೆ. ಇನ್ನೂ ಹಾಕಿದರೆ ನನ್ನ ಜೊತೆಯೇ ಹೋಗುತ್ತದೆ.

ಕೊಚ್ಚಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದರು. ಮಗ ಕೇಂದ್ರ ಸರ್ಕಾರದ ಅಧಿಕಾರಿ. ಸಂಧಿವಾತದಿಂದ ಅವರ ಬೆರಳುಗಳು ಹಸಿಶುಂಠಿಯಂತೆ ಗಂಟುಗಂಟಾಗಿದ್ದವು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಮುಷ್ಟಿ ಕಟ್ಟಿ ತೋರಿಸುತ್ತಿದ್ದರು. ಬೆರಳು ಮಡಚಿದರೆ, "ಇವತ್ತ ನಾ ಪೈಲ್ವಾನ, ಅಣ್ಣಾರ!" ಮಡಚದಿದ್ದರೆ, "ಇವತ್ತ ಜಗಳ ಬ್ಯಾಡ, ಸೋಲತೀನಿ." ನನ್ನ ಕಾಸರಗೋಡಿನ ಕನ್ನಡಕ್ಕೆ, "ನೀವು ಮಾತಾಡತೀರೋ, ಪುಸ್ತಕ ಓದತೀರೋ?" ಎಂದು ನಗುತ್ತಿದ್ದರು.

ಅವರಿಗೆ ಮಲಯಾಳವೂ ಇಂಗ್ಲಿಷೂ ಬಾರದು. ಮಗನಿಗೆ ರಜೆ ಸಿಗದು. ಹಾಗಾಗಿ ತಿರುವನಂತಪುರದ ಡಾಕ್ಟರ ಬಳಿಗೆ ರೈಲಿನಲ್ಲಿ ಕರೆದೊಯ್ದು ಮಾತು ದಾಟಿಸುವ ಕೆಲಸ, ನಿವೃತ್ತನಾದ ನನ್ನದು. ಹತ್ತನೆಯ ತರಗತಿ ಓದಿದವನಿಗೆ ಅದೊಂದು ದೊಡ್ಡಸ್ತಿಕೆ.

ಒಮ್ಮೆ ಡಾಕ್ಟರು ರಿಪೋರ್ಟ್ ನೋಡಿ ಮಲಯಾಳದಲ್ಲಿ ವಿವರಿಸಿದರು: "ಟೈಫಾಯ್ಡ್ ಆದರೆ ವಾಸಿಯಾಯಿತು ಅನ್ನಬಹುದು. ಈ ಕಾಯಿಲೆ ಅಡಗಿ ಕೂತರೆ ಅದೇ ನಮ್ಮ ಗೆಲುವು. ಎಷ್ಟು ಜನರಿಗೆ ಅಡಗಿತು ಅಂತಲೇ ಔಷಧಿಯ ಗುಣವನ್ನು ಅಳೆಯುತ್ತೇವೆ. ಅಮ್ಮನಿಗೆ ಅಡಗಿದೆ, ಹೋಗಿಲ್ಲ. ಮಾತ್ರೆ ಬಿಡಬಾರದು."

ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಮುಖ ಅರಳುವುದನ್ನು ನೋಡುವ ಆಸೆಯಾಯಿತು. "ಪೂರ್ತಿ ವಾಸಿ, ಅಮ್ಮ" ಎಂದೆ. ಖುಷಿಯಲ್ಲಿ ಅಲ್ಲಿನ ಚಾಲೈ ಪೇಟೆಯಲ್ಲಿ ನನಗೆ ಹಲ್ವಾ ಕೊಡಿಸಿದರು.

ಮಾತ್ರೆ ನಿಂತಿತು. "ವಾಸಿ ಆದಮ್ಯಾಲೆ ಯಾಕ ನುಂಗೂದು?" ಎಂದರು. ನಾನು ತಿದ್ದಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವರಿಗೆ ಸೀರೆಯ ನೆರಿಗೆ ಹಿಡಿಯಲೂ ಆಗುತ್ತಿರಲಿಲ್ಲ.

ಮತ್ತೆ ಕರೆದೊಯ್ದಾಗ ಡಾಕ್ಟರು ಸಿಟ್ಟಾದರು. "ಅಣ್ಣಾ, ಮಾತ್ರೆ ಬಿಡಬಾರದೆಂದು ನೀವು ಹೇಳಿರಲಿಲ್ಲವೇ?"

"ಹೇಳಿದ್ದೆ ಡಾಕ್ಟರೇ. ಇವರು ಕೇಳುವುದಿಲ್ಲ."

ಡಾಕ್ಟರು ಬೈದದ್ದನ್ನು ಮಾತ್ರ ಒಂದಕ್ಷರ ಬಿಡದೆ ಕನ್ನಡಕ್ಕೆ ದಾಟಿಸಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ವಾಪಸು ಬರುವಾಗ ರೈಲಿನಲ್ಲಿ, "ನಾನ ತಪ್ಪ ತಿಳಕೊಂಡಿದ್ದೆ ಕಾಣಸ್ತದ. ನನ್ನ ಸಲುವಾಗಿ ನಿಮಗೂ ಬೈಗಳ. ಮನಸಿಗೆ ಹಚ್ಚಿಕೋಬ್ಯಾಡ್ರಿ ಅಣ್ಣಾರ" ಎಂದರು. ವರ್ಕಲ ಕಳೆಯಿತು, ಕೊಲ್ಲಂ ಕಳೆಯಿತು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮಾತ್ರೆ ಮತ್ತೆ ಶುರುವಾದರೂ ರೋಗ ಮೊದಲಿನಂತೆ ಅಡಗಲಿಲ್ಲ. ಮಗನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊರಡುವ ದಿನ ಎರ್ನಾಕುಲಂ ನಿಲ್ದಾಣದಲ್ಲಿ ಅಮ್ಮ ನನಗೆ ಕೈಮುಗಿಯಲು ಹೋದರು, ಅಂಗೈಗಳು ಕೂಡಲಿಲ್ಲ. "ಇಷ್ಟ ಆಗೂದು ನೋಡ್ರಿ" ಎಂದು ನಕ್ಕರು. ಆಗಲಾದರೂ ಹೇಳಬಹುದಿತ್ತು. ಚೀಲ ಎತ್ತಿಟ್ಟು ಬೋಗಿಯಿಂದ ಇಳಿದುಬಿಟ್ಟೆ.

ಹೋದ ವರ್ಷ ತೀರಿಕೊಂಡರೆಂದು ಮಗ ಫೋನ್ ಮಾಡಿದ. "ಅವ್ವ ನಿಮ್ಮನ್ನ ಭಾಳ ನೆನಸ್ತಿದ್ಲು" ಎಂದ. ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಅವರಿಗೆ, ಗಂಗವ್ವನವರಿಗೆ.