ಪಕ್ಕದ ಬಾವಿಯವರ ತೆಂಗಿನಕಾಯಿ

ಬೆಳಿಗ್ಗೆಯಿಂದ ಕಲ್ಲುಪುಡಿಯ ವಾಸನೆ ಮೂಗಿನಲ್ಲೇ ಕೂತಿದೆ. ಶಿರಾಳಕೊಪ್ಪದ ನಮ್ಮ ಬೀದಿಯ ಆ ತುದಿಯಲ್ಲಿ ಯಾರೋ ಬೋರ್ ಹೊಡೆಸುತ್ತಿದ್ದಾರೆ. ಅದು ಮುಗಿದರೆ ಲಾರಿ ನಮ್ಮ ಹಿತ್ತಲಿಗೆ. ಕಾಯುತ್ತ ಕೂತವನು ಮೊಬೈಲಿನಲ್ಲಿ ಓದುತ್ತಿದ್ದೆ, ನೋಡಿ: ಅಮೆರಿಕದಲ್ಲಿ ಪಾತಾಳದವರೆಗೆ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿ, ನೀರಿನ ಒತ್ತಡದಿಂದ ಬಂಡೆ ಬಿರಿಸಿ, ಅದರೊಳಗಿನ ತೈಲ, ಗ್ಯಾಸು ಎತ್ತುತ್ತಾರಂತೆ. ಅಬ್ಬಾ, ಮನುಷ್ಯನ ಕೈ ಎಲ್ಲೆಲ್ಲಿಗೆ ಹೋಗುತ್ತದೆ! ಅಂಥದೇ ಬಂಡೆ ಇರುವ ಬೇರೆ ಕೆಲವು ದೇಶಗಳು ಮಾತ್ರ ಬೇಡವೇ ಬೇಡ ಎಂದು ಕಾನೂನು ಮಾಡಿವೆ. ಏಕಿರಬಹುದು?

ನನ್ನ ತಲೆಗೆ ದೊಡ್ಡ ವಿಷಯ ಇಳಿಯುವುದು ನಿಧಾನ. ಆದರೆ ಇದಕ್ಕೆ ಮಾತ್ರ ಹೊಸಬಾಳೆಯ ಸೋದರತ್ತೆ ಥಟ್ಟನೆ ನೆನಪಾದಳು. ಕುರಿ ಸಾಕಿಕೊಂಡು ಬದುಕಿದವಳು. ಬೇಸಿಗೆ ರಜೆಗೆ ಹೋದರೆ ಕುರಿಗಿಂತ ನಾನೇ ಹೆಚ್ಚು ಮೇಯುತ್ತೇನೆಂದು ಅವಳ ತಕರಾರು, ಸುಳ್ಳೇನಲ್ಲ. ಹೊಲದ ಅಂಚಿನಲ್ಲಿ ಅವಳದೊಂದು ತೆರೆದ ಬಾವಿ. ಅದರಲ್ಲಿ ನೀರಿದ್ದರೆ ಕುರಿ, ಕುರಿ ಇದ್ದರೆ ಅತ್ತೆ. ಒಂದು ಬೇಸಿಗೆ ಬದುವಿನಾಚೆಯ ಹಾಲಪ್ಪ, ಬಾವಿಗೆ ತೀರ ಹತ್ತಿರದಲ್ಲೇ, ಬೋರ್‌ವೆಲ್ ಲಾರಿ ತಂದು ನಿಲ್ಲಿಸಿದ.

ಅವರ ಕೇರಿಯಲ್ಲೊಂದು ರೂಢಿಯಿತ್ತು. ಲಾರಿಯ ಪೂಜೆಗೆ ಕಾಯಿ ಒಡೆಯುವುದು ಹೊಲದ ಯಜಮಾನನಲ್ಲ, ಹತ್ತಿರದ ಬಾವಿಯವರು. ಅವರು ಒಡೆಯದೆ ಕೆಲಸ ಶುರುವಿಲ್ಲ. ಹಾಲಪ್ಪ ತಂದುಕೊಟ್ಟ ಕಾಯಿಯನ್ನು ಅತ್ತೆ ತೆಗೆದುಕೊಂಡಳು, ಒಡೆಯಲಿಲ್ಲ.

“ನನ್ ಬಾವಿ ಬತ್ತಿದ್ರೆ ಕುರಿ ಎಲ್ಲಿಗೆ ಹೊಡ್ಕೊಂಡು ಹೋಗ್ಲಿ ಮಾರಾಯ?”

“ನನ್ ಬೋರಿನ್ ನೀರು ಕೊಡ್ತೀನಕ್ಕ.”

“ನಿನ್ ಗದ್ದೆಗೆ ಬಿಟ್ಟು ಉಳಿದ್ರಾ?”

ಹಾಲಪ್ಪ ತಿರುಗಿ ತನ್ನ ಗದ್ದೆಯ ಕಡೆ ನೋಡಿದ. ಲಾರಿಯವರು ಹಾರ್ನ್ ಹೊಡೆದರು. ಕೊನೆಗೆ ಅಂದ: “ಇಲ್ಲಕ್ಕ. ಮೊದ್ಲು ನಿನ್ ಕುರಿಗೆ, ಆಮೇಲೆ ಗದ್ದೆಗೆ.”

ಅತ್ತೆ ಕಾಯಿ ಒಡೆದಳು.

ಹಗಲಿಡೀ ಬೂದಿಬಣ್ಣದ ಪುಡಿ ಹಾರಿತು. ಸಂಜೆ ಹೊತ್ತಿಗೆ ನೀರು ಬಿತ್ತು ನೋಡಿ, ಮರದೆತ್ತರ ಚಿಮ್ಮಿತು! ಎಷ್ಟು ಕಾಲದಿಂದ ಬಿಸಿಲು ಕಾಣದ ನೀರೋ ಏನೋ, ನನ್ನ ತಲೆಯ ಮೇಲೆ ಬಿದ್ದಾಗ ಮೈ ಜುಮ್ಮೆಂದಿತು. ನಾನು ಕುಣಿಯುತ್ತಿದ್ದೆ, ಅತ್ತೆ ತನ್ನ ಬಾವಿಯ ಕಡೆ ನೋಡುತ್ತಿದ್ದಳು.

ಮರುವರ್ಷ ಬಾವಿ ಬತ್ತಿಯೇ ಬತ್ತಿತು. ಹಾಲಪ್ಪನ ಬೇಸಿಗೆ ಭತ್ತವೂ ಒಣಗುತ್ತಿತ್ತು. ಆದರೂ ಕರೆಂಟು ಬಂದ ಕೂಡಲೇ ಅವನ ಪೈಪು ತಿರುಗುತ್ತಿದ್ದುದು ಕುರಿಗಳ ತೊಟ್ಟಿಗೆ. ಪಾತಾಳದಿಂದ ನೀರು ಬಂದದ್ದಕ್ಕಿಂತ ಇದೇ ನನಗೆ ಇವತ್ತಿಗೂ ದೊಡ್ಡ ಸೋಜಿಗ. ಆನವಟ್ಟಿ ಹತ್ತಿರ ಅತ್ತೆಯ ಮಗಳ ಊರಲ್ಲೂ ಇದೇ ರೂಢಿ; ಅಲ್ಲಿ ಅಂಥ ಮಾತು ಕೊಡುವವರಿಲ್ಲದೆ, ಬಾವಿಯವರು ಕಾಯಿ ಒಡೆಯದೆ, ಲಾರಿ ಹಾಗೇ ವಾಪಸಾಗಿತ್ತು.

ಅಮೆರಿಕದಲ್ಲಿ ಎಷ್ಟೋ ಕಡೆ ಹೊಲದ ಕೆಳಗಿನ ತೈಲವೂ ಹೊಲದವನದೇ ಅಂತೆ. ಪಾಲು ಬರುತ್ತದೆ, ಅವನು ಕೊರೆಯುವವರಿಗೆ ಬನ್ನಿ ಅನ್ನುತ್ತಾನೆ. ನಮ್ಮಲ್ಲೂ ಇನ್ನೆಷ್ಟೋ ದೇಶಗಳಲ್ಲೂ ಅದು ಸರ್ಕಾರದ್ದು. ಹೊಲದವನ ಪಾಲಿಗೆ ಉಳಿಯುವುದು ಮಿಷನ್ನಿನ ಸದ್ದು, ಬಾವಿ ಕೆಟ್ಟೀತೆಂಬ ದಿಗಿಲು. ಅವನು ಕಾಯಿ ಒಡೆಯಲು ಹಿಂದೆಮುಂದೆ ನೋಡಿದರೆ ತಪ್ಪೇನು?

ಇಷ್ಟರಲ್ಲಿ ಲಾರಿ ನಮ್ಮ ಗೇಟಿಗೆ ಬಂತು. ಹೆಂಡತಿ ಕಾಯಿ ತಂದು ಕೈಗಿಟ್ಟಳು. ಒಡೆಯಲು ಎತ್ತಿದೆ. ಗೋಡೆಯಾಚೆ ಪಕ್ಕದ ಮನೆಯ ನಿಂಗಮ್ಮನವರು ಬಾವಿಯಿಂದ ನೀರು ಸೇದುವ ರಾಟೆಯ ಸದ್ದು ಕೇಳಿತು. ಕೈ ತಾನಾಗಿ ಇಳಿಯಿತು.

ಕಾಯಿ ಹಿಡಿದು ಅವರಲ್ಲಿಗೆ ಹೋದೆ, ಅತ್ತೆಯ ಕೇರಿಯ ರೂಢಿಯನ್ನೆಲ್ಲ ಹೇಳಿದೆ. ಅವರು ಕೊಡ ಇಳಿಸಿ, ಕೈ ಒರೆಸಿಕೊಂಡು ಕಾಯಿ ತೆಗೆದುಕೊಂಡರು. ಒಡೆಯಲಿಲ್ಲ, ನನ್ನ ಮುಖ ನೋಡುತ್ತ ನಿಂತರು. ಹಾಲಪ್ಪನ ಹಾಗೇ ನಾನೂ ಒಮ್ಮೆ ತಿರುಗಿ ನಮ್ಮ ಟ್ಯಾಂಕಿನ ಕಡೆ ನೋಡಿದೆ.

“ಮೊದ್ಲು ನಿಮ್ ಕೊಡಕ್ಕೆ ರೀ,” ಅಂದೆ, “ಆಮೇಲೆ ನಮ್ ಟ್ಯಾಂಕಿಗೆ.”